ಮಾರದ ಮನೆ ದುಡ್ಡಲ್ಲ, ಆಫರ್ ಲೆಟರ್ ಸಂಬಳ ಅಲ್ಲ

ಪ್ಲೇಸ್‌ಮೆಂಟ್ ಸೀಸನ್ ಮುಗಿಯುತ್ತಿದ್ದ ಹಾಗೆ ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಒಂದು ಮಾತು ಶುರುವಾಗುತ್ತೆ. "ಹೆಂಗೂ ಕೆಲಸ ಸಿಕ್ತಲ್ಲ, ಬೆಂಗಳೂರಲ್ಲೇ ಒಂದು ಹೊಸ ಫ್ಲ್ಯಾಟ್ ನೋಡಿಬಿಡೋಣ. ಸದ್ಯಕ್ಕೆ ಲೋನ್ ತಗೊಳ್ಳೋಣ, ಊರಿನ ಮನೆ ಆಮೇಲೆ ನಿಧಾನಕ್ಕೆ ಮಾರಿದ್ರಾಯ್ತು." ಕೇಳೋಕೆ ಚೆನ್ನಾಗೇ ಇದೆ. ಅಪ್ಪ ಅಮ್ಮ ಮೂವತ್ತು ವರ್ಷ ಉಳಿಸಿ ಕಟ್ಟಿದ ಮನೆ, ಮಗನೋ ಮಗಳೋ ಇರೋ ಊರಿಗೆ ಬದಲಾಗುತ್ತೆ. ತಪ್ಪೇನಿದೆ?

ಆಸೆಯಲ್ಲಿ ಏನೂ ತಪ್ಪಿಲ್ಲ. ತಪ್ಪಿರೋದು ಆರ್ಡರ್‌ನಲ್ಲಿ. ಮೊದಲು ಹೊಸ ಮನೆ, ಆಮೇಲೆ ಸಾಲ, ಕೊನೆಗೆ ಹಳೇ ಮನೆಯ ಮಾರಾಟ. ನಮ್ಮಂಥ ಮಧ್ಯಮ ವರ್ಗದ ಬಹಳಷ್ಟು ಮನೆಗಳಿಗೆ ಈ ಕ್ರಮ ಆಗಿಬರೋದಿಲ್ಲ ಅನ್ನೋದು ನಮ್ಮ ಅಭಿಪ್ರಾಯ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರೆ ಹೆಚ್ಚೆಂದರೆ ಒಂದು ಕುಲಾವಿ ವೇಸ್ಟ್ ಆಗುತ್ತೆ. ಮನೆ ಮಾರೋಕೆ ಮುಂಚೆ ಆ ದುಡ್ಡನ್ನ ನಂಬಿ ಸಾಲ ಮಾಡಿದರೆ ಇಪ್ಪತ್ತು ವರ್ಷದ ಕಂತು ತಲೆ ಮೇಲೆ ಕೂರುತ್ತೆ.

"ಇದು ದೊಡ್ಡವರ ವಿಷಯ, ಕಾಲೇಜ್ ಮ್ಯಾಗಜೀನ್‌ನಲ್ಲಿ ಯಾಕೆ?" ಅಂತ ಕೇಳಬಹುದು. ಯಾಕಂದ್ರೆ ಆ ಸಾಲದ ಅರ್ಜಿಯಲ್ಲಿ ಒಂದು ಸಹಿ ನಮ್ಮದೇ ಆಗಿರುತ್ತೆ.

ಬ್ಯಾಂಕಿಗೆ ನಮ್ಮ ಸಹಿ ಯಾಕೆ ಬೇಕು?

ಒಂದು ಉದಾಹರಣೆ ಹಾಕಿಕೊಳ್ಳೋಣ. ಅಪ್ಪನಿಗೆ 56 ವರ್ಷ, ರಾಜ್ಯ ಸರ್ಕಾರದ ನೌಕರಿ, 60ಕ್ಕೆ ನಿವೃತ್ತಿ. ದಾವಣಗೆರೆಯಲ್ಲಿ ಸ್ವಂತ ಮನೆ, ಮಾರಿದರೆ 55 ಲಕ್ಷ ಬರುತ್ತೆ ಅನ್ನೋ ಅಂದಾಜು. ಬೆಂಗಳೂರಲ್ಲಿ ನೋಡಿದ ಹೊಸ ಫ್ಲ್ಯಾಟ್‌ಗೆ 80 ಲಕ್ಷ. ಅದಕ್ಕೆ 60 ಲಕ್ಷ ಸಾಲ, ಬಡ್ಡಿ 8.5%.

ಬ್ಯಾಂಕುಗಳು ಸಾಲದ ಅವಧಿಯನ್ನ ಸಾಮಾನ್ಯವಾಗಿ ನಿವೃತ್ತಿ ವಯಸ್ಸನ್ನ ನೋಡಿಕೊಂಡು ಲೆಕ್ಕ ಹಾಕುತ್ತವೆ. ಅಪ್ಪ ಒಬ್ಬರೇ ನಾಲ್ಕು ವರ್ಷದಲ್ಲಿ ತೀರಿಸಬೇಕು ಅಂದ್ರೆ ಇಎಂಐ ತಿಂಗಳಿಗೆ ಸುಮಾರು 1.48 ಲಕ್ಷ. ಆಗದ ಮಾತು. ಅದೇ ಸಾಲವನ್ನ 20 ವರ್ಷಕ್ಕೆ ಹಂಚಿದರೆ ಇಎಂಐ ಸುಮಾರು 52,000. ಆ 20 ವರ್ಷ ದುಡಿಯೋ ವಯಸ್ಸು ಯಾರಿಗಿದೆ? ನಮಗೆ. ಹಾಗಾಗಿ ಬ್ಯಾಂಕಿನವರು ನಗುನಗುತ್ತಾ ಕೇಳ್ತಾರೆ: "ಮಗನ್ನ ಕೋ-ಅಪ್ಲಿಕೆಂಟ್ ಮಾಡಿಬಿಡಿ ಸಾರ್."

ಕೋ-ಅಪ್ಲಿಕೆಂಟ್ ಅನ್ನೋದು ಸಾಕ್ಷಿ ಸಹಿ ಅಲ್ಲ. ಸಾಲಗಾರರಲ್ಲಿ ಒಬ್ಬರಾಗಿ ಸಹಿ ಹಾಕಿದ ಮೇಲೆ ಅರ್ಧ ಸಾಲಕ್ಕಲ್ಲ, ಪೂರ್ತಿ ಸಾಲಕ್ಕೆ ನಾವು ಜವಾಬ್ದಾರರು. ಕಂತು ತಪ್ಪಿದರೆ ನಮ್ಮ ಸಿಬಿಲ್ ಸ್ಕೋರ್‌ಗೂ ಪೆಟ್ಟು. ನಾಳೆ ಎಂಎಸ್ ಮಾಡ್ಬೇಕು, ಸ್ಟಾರ್ಟಪ್ ಮಾಡ್ಬೇಕು, ಸ್ವಂತಕ್ಕೊಂದು ಲೋನ್ ತಗೋಬೇಕು ಅಂದ್ರೆ ಈ 60 ಲಕ್ಷ ನಮ್ಮ ಹೆಸರಿನ ಮುಂದೆ ನಿಂತಿರುತ್ತೆ. ಮೇಲಾಗಿ ನಮ್ಮಲ್ಲಿ ಬಹಳ ಜನಕ್ಕೆ ಎಜುಕೇಶನ್ ಲೋನ್ ಬೇರೆ ಇದೆ. ಕೋರ್ಸ್ ಮುಗಿದು ಒಂದು ವರ್ಷದ ಒಳಗೆ ಅದರ ಕಂತೂ ಶುರುವಾಗುತ್ತೆ.

ಇನ್ನೊಂದು ವಿಷಯ: ಸಾಲದಲ್ಲಿ ಹೆಸರಿದ್ದ ಮಾತ್ರಕ್ಕೆ ಮನೆಯಲ್ಲಿ ಹೆಸರಿರುತ್ತೆ ಅಂತೇನಿಲ್ಲ. ಸೇಲ್ ಡೀಡ್‌ನಲ್ಲಿ ಹೆಸರು ಇದ್ದರೆ ಮಾತ್ರ ಮಾಲೀಕತ್ವ. ಮಾಲೀಕರಲ್ಲದ ಸಾಲಗಾರರಿಗೆ ಗೃಹಸಾಲದ ತೆರಿಗೆ ವಿನಾಯಿತಿಯೂ ಇಲ್ಲ.

ಕೈಯಲ್ಲಿ ಎಷ್ಟಿರಬೇಕು?

"60 ಲಕ್ಷ ಬ್ಯಾಂಕ್ ಕೊಡುತ್ತಲ್ಲ, ಇನ್ನು 20 ಲಕ್ಷ ತಾನೆ" ಅಂದುಕೊಂಡರೆ ಲೆಕ್ಕ ಅಲ್ಲಿಗೇ ತಪ್ಪಿತು. ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಎಲ್ಲ ಸೇರಿ 80 ಲಕ್ಷಕ್ಕೆ ಸುಮಾರು 6 ಲಕ್ಷ. ಇನ್ನೂ ಕಟ್ಟುತ್ತಿರೋ ಫ್ಲ್ಯಾಟ್ ಆದರೆ 5% ಜಿಎಸ್‌ಟಿ, ಅಂದ್ರೆ 4 ಲಕ್ಷ. ಕಂಪ್ಲೀಶನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಈ ಜಿಎಸ್‌ಟಿ ಇಲ್ಲ. ಇಂಥ ಸಾಲಗಳಲ್ಲಿ ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಖರ್ಚನ್ನ ಮನೆಯ ಬೆಲೆಗೆ ಸೇರಿಸಿಕೊಂಡು ಸಾಲ ಕೊಡೋಕೆ ರಿಸರ್ವ್ ಬ್ಯಾಂಕ್ ನಿಯಮ ಬಿಡೋದಿಲ್ಲ. ಅಲ್ಲಿಗೆ ಕೈಯಿಂದ ಹಾಕಬೇಕಾದ್ದು 20 ಅಲ್ಲ, 26ರಿಂದ 30 ಲಕ್ಷ. ಕಬೋರ್ಡು, ಫ್ಯಾನು, ಕಿಚನ್ ಕೆಲಸ ಇನ್ನೂ ಬಾಕಿ.

ಊರಿನ ಮನೆ ಮಾರಿದ್ದಿದ್ದರೆ ಈ ದುಡ್ಡು ಅಲ್ಲಿಂದಲೇ ಬರ್ತಿತ್ತು. ಮಾರಿಲ್ಲವಲ್ಲ. ಹಾಗಾಗಿ ಪಿಎಫ್ ಬಿಡಿಸೋದು, ಅಮ್ಮನ ಬಳೆ ಅಡ ಇಡೋದು, ಚೀಟಿ ಕೂಗೋದು, ಮಾವನ ಹತ್ರ ಕೈಸಾಲ. "ಎರಡು ತಿಂಗಳು ಅಷ್ಟೇ, ಮನೆ ಮಾರಿದ ತಕ್ಷಣ ವಾಪಸ್" ಅನ್ನೋ ಮಾತಿನ ಮೇಲೆ ಇಷ್ಟೂ ನಿಂತಿರುತ್ತೆ. ಸಿವಿಲ್‌ನವರ ಭಾಷೆಯಲ್ಲಿ ಹೇಳೋದಾದ್ರೆ, ಇಡೀ ಸ್ಟ್ರಕ್ಚರ್‌ನ ಲೋಡ್ ಇನ್ನೂ ಕಾಂಕ್ರೀಟ್ ಹಾಕದ ಒಂದು ಕಂಬದ ಮೇಲೆ.

ಊರಿನ ಮನೆ ಅಷ್ಟು ಸುಲಭಕ್ಕೆ ಮಾರಾಟ ಆಗುತ್ತಾ?

ಓಎಲ್‌ಎಕ್ಸ್‌ನಲ್ಲಿ ಫೋನ್ ಮಾರಿದ ಹಾಗಲ್ಲ ಇದು. ಕೊಳ್ಳೋರೂ ಸಾಲ ಮಾಡಿಯೇ ಕೊಳ್ಳೋದು, ಹಾಗಾಗಿ ಅವರ ಬ್ಯಾಂಕಿನ ವಕೀಲರು ನಮ್ಮ ಕಾಗದಗಳನ್ನ ಜಾಲಾಡ್ತಾರೆ. ಇ-ಖಾತಾ ಆಗಿದೆಯಾ? ಇಸಿ ಕ್ಲೀನ್ ಇದೆಯಾ? ಮೇಲಿನ ಫ್ಲೋರ್‌ಗೆ ಪ್ಲ್ಯಾನ್ ಅಪ್ರೂವಲ್ ತಗೊಂಡಿದ್ರಾ? ಖಾತೆ ಇನ್ನೂ ತಾತನ ಹೆಸರಲ್ಲೇ ಇದೆಯಾ?

ಪಿತ್ರಾರ್ಜಿತ ಮನೆ ಆದರೆ ಇನ್ನೂ ಒಂದು ಹೆಜ್ಜೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಅನ್ನೋ ಕಾನೂನನ್ನ ಕರ್ನಾಟಕ 1994ರಲ್ಲೇ ತಂದಿತ್ತು, 2005ರಲ್ಲಿ ಇಡೀ ದೇಶಕ್ಕೆ ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನಷ್ಟು ಗಟ್ಟಿ ಮಾಡಿತು. ಒಳ್ಳೇ ಕಾನೂನು. ಆದರೆ ಅದರ ಅರ್ಥ, ಹುಬ್ಬಳ್ಳಿಯಲ್ಲಿರೋ ಸೋದರತ್ತೆಯನ್ನ ಕೇಳದೆ ಆ ಮನೆ ಮಾರೋ ಹಾಗಿಲ್ಲ. "ಅವಳೇನೂ ಅನ್ನಲ್ಲ ಬಿಡು" ಅಂತ ಅಪ್ಪ ಅಂದುಕೊಂಡಿರಬಹುದು. ಕೇಳಬೇಕಾದ್ದು ಫ್ಲ್ಯಾಟ್ ಬುಕ್ ಮಾಡೋಕೆ ಮುಂಚೆ, ಆಮೇಲಲ್ಲ.

ಹಳೇ ಮನೆ ಮೇಲೂ ಸಾಲ ಉಳಿದಿದ್ದರೆ ಮೂಲ ಪತ್ರಗಳು ಬ್ಯಾಂಕಿನ ಲಾಕರ್‌ನಲ್ಲಿರುತ್ತವೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಪತ್ರ ವಾಪಸ್ ಕೊಡಬೇಕು, ತನ್ನ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ಮಾಡಿದೆ. ನಿಯಮ ಇದೆ, ಸಂತೋಷ. ಆದ್ರೂ ಆ 30 ದಿನವನ್ನ ನಮ್ಮ ಟೈಮ್‌ಲೈನ್‌ನಲ್ಲಿ ಬರೆದುಕೊಳ್ಳಲೇಬೇಕು.

ಕಾಯೋದಕ್ಕೂ ಬಾಡಿಗೆ ಇದೆ

ಇಲ್ಲಿ ಒಂದು ಲೆಕ್ಕ ಬಹಳ ಮನೆಗಳಲ್ಲಿ ಯಾರೂ ಮಾಡೋದಿಲ್ಲ. ಮನೆ ಮಾರಿ ಬಂದ 55 ಲಕ್ಷವನ್ನ ಸಾಲಕ್ಕೆ ಕಟ್ಟಬೇಕು ಅನ್ನೋದು ಪ್ಲ್ಯಾನ್. ಹಾಗಾದರೆ ಮಾರಾಟ ತಡವಾದ ಒಂದೊಂದು ತಿಂಗಳಿಗೂ ಆ 55 ಲಕ್ಷದ ಮೇಲಿನ ಬಡ್ಡಿ ನಮ್ಮ ಖರ್ಚು. 8.5% ಲೆಕ್ಕದಲ್ಲಿ ತಿಂಗಳಿಗೆ ಸುಮಾರು 39,000.

ಈಗ ಯೋಚನೆ ಮಾಡಿ. ಒಬ್ಬರು ಬಂದು 53ಕ್ಕೆ ಕೇಳಿದರು. "55ಕ್ಕೆ ಕಮ್ಮಿ ಕೊಡಲ್ಲ, ಕಾಯೋಣ" ಅಂದ್ವಿ. ಐದು ತಿಂಗಳು ಕಾದು 55ಕ್ಕೇ ಮಾರಿದ್ವಿ. ಗೆದ್ವಾ? ಜಾಸ್ತಿ ಸಿಕ್ಕಿದ 2 ಲಕ್ಷ ಹೆಚ್ಚುಕಮ್ಮಿ ಪೂರ್ತಿ ಬಡ್ಡಿಗೇ ಹೋಗಿರುತ್ತೆ. ಸಾಲ ಇಲ್ಲದವರು ಒಳ್ಳೇ ಬೆಲೆಗೆ ಕಾಯಬಹುದು. ಸಾಲ ತಲೆ ಮೇಲಿದ್ದವರಿಗೆ ಕಾಯೋದೇ ದುಬಾರಿ. ಕೊಳ್ಳೋರಿಗೂ ಇದು ಗೊತ್ತಾಗುತ್ತೆ. "ಬೆಂಗಳೂರಲ್ಲಿ ಆಗ್ಲೇ ಫ್ಲ್ಯಾಟ್ ತಗೊಂಡಿದ್ದಾರಂತೆ" ಅನ್ನೋ ಸುದ್ದಿ ಬ್ರೋಕರ್ ಕಿವಿಗೆ ಬಿದ್ದ ದಿನವೇ ಚೌಕಾಸಿ ಶುರು.

ಬಡ್ಡಿ ದರವೂ ನಿಂತಲ್ಲಿ ನಿಲ್ಲೋದಿಲ್ಲ. 2022ರ ಮೇನಿಂದ 2023ರ ಫೆಬ್ರವರಿ ಒಳಗೆ ರೆಪೊ ದರ 4%ನಿಂದ 6.5%ಗೆ ಏರಿತ್ತು. 60 ಲಕ್ಷದ 20 ವರ್ಷದ ಸಾಲಕ್ಕೆ 7% ಬಡ್ಡಿ ಇದ್ದರೆ ಇಎಂಐ ಸುಮಾರು 46,500, 9.5% ಆದರೆ ಸುಮಾರು 55,900. ಒಂದು ವರ್ಷದೊಳಗೆ ಅಷ್ಟು ಏರಿಕೆ ಆಗಿದ್ದಿದೆ, ಮುಂದೆಯೂ ಆಗಬಹುದು.

ತೆರಿಗೆಯ ಗಡಿಯಾರ

ನಮಗೆ ಬಹಳ ಮುಖ್ಯ ಅನಿಸಿದ ಅಂಶ ಇದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆ ಮಾರಿದರೆ ಬಂದ ಲಾಭಕ್ಕೆ ದೀರ್ಘಾವಧಿ ಬಂಡವಾಳ ಲಾಭ ತೆರಿಗೆ ಇದೆ, ದರ 12.5%. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಮನೆಗೆ, ಇಂಡೆಕ್ಸೇಶನ್ ಜೊತೆ 20% ಲೆಕ್ಕ ಹಾಕಿದಾಗ ತೆರಿಗೆ ಕಮ್ಮಿ ಬಂದರೆ ಅಷ್ಟನ್ನೇ ಕಟ್ಟಬಹುದು. ಆ ಲಾಭವನ್ನ ಇನ್ನೊಂದು ಮನೆಗೆ ಹಾಕಿದರೆ ವಿನಾಯಿತಿ ಸಿಗುತ್ತೆ. ಆದರೆ ಅದಕ್ಕೆ ಗಡುವು ಇದೆ.

ಹಳೇ ಮನೆ ಮೊದಲು ಮಾರಿದರೆ, ಹೊಸದು ಕೊಳ್ಳೋಕೆ 2 ವರ್ಷ, ಕಟ್ಟಿಸೋಕೆ 3 ವರ್ಷ ಸಮಯ. ಹೊಸದನ್ನ ಮೊದಲು ಕೊಂಡರೆ, ಹಳೇದನ್ನ 1 ವರ್ಷದ ಒಳಗೆ ಮಾರಬೇಕು. 13ನೇ ತಿಂಗಳಲ್ಲಿ ಮಾರಿದರೆ ಕೊಂಡ ಮನೆಯ ಲೆಕ್ಕದಲ್ಲಿ ವಿನಾಯಿತಿ ಹೋಯ್ತು. ಅಂದರೆ ಮೊದಲು ಮಾರೋರಿಗೆ ಕಾನೂನೇ ಜಾಸ್ತಿ ಟೈಮ್ ಕೊಟ್ಟಿದೆ! ಮಾರಿದ ದುಡ್ಡು ರಿಟರ್ನ್ ಸಲ್ಲಿಸೋ ಗಡುವಿನೊಳಗೆ ಖರ್ಚಾಗದಿದ್ದರೆ ಬ್ಯಾಂಕಿನಲ್ಲಿ ಕ್ಯಾಪಿಟಲ್ ಗೇನ್ಸ್ ಖಾತೆ ತೆರೆದು ಇಡಬಹುದು. 1988ರಿಂದಲೂ ಈ ಯೋಜನೆ ಇದೆ.

ಹೆಸರಿನ ವಿಷಯದಲ್ಲೂ ಹುಷಾರು. ಮಾರಿದ ಮನೆ ಅಪ್ಪನ ಹೆಸರಲ್ಲಿ, ಕೊಂಡ ಫ್ಲ್ಯಾಟ್ ಮಗಳ ಹೆಸರಲ್ಲಿ ಅಂದ್ರೆ ವಿನಾಯಿತಿಗೆ ತೊಂದರೆ ಬರಬಹುದು. ಇನ್ನೂ ಕಟ್ಟುತ್ತಿರೋ ಫ್ಲ್ಯಾಟ್‌ನ ಕೊಂಡದ್ದು ಅಂತ ನೋಡಬೇಕಾ, ಕಟ್ಟಿಸಿದ್ದು ಅಂತ ನೋಡಬೇಕಾ ಅನ್ನೋದರ ಮೇಲೂ ಗಡುವು ಬದಲಾಗುತ್ತೆ. ಇವೆರಡನ್ನೂ ಬುಕಿಂಗ್‌ಗೆ ಮುಂಚೆ ಒಬ್ಬ ಸಿಎ ಹತ್ರ ಕೇಳೋದು ಬಿಲ್ಡರ್‌ನ ಸೇಲ್ಸ್‌ನವರ ಮಾತು ಕೇಳೋದಕ್ಕಿಂತ ವಾಸಿ.

ಈಗ ಉದಾಹರಣೆಗೆ ವಾಪಸ್ ಬರೋಣ. 55 ಅಂದುಕೊಂಡ ಮನೆ 45ಕ್ಕೆ ಹೋಯ್ತು, ಅದೂ 18 ತಿಂಗಳ ನಂತರ. 45 ಲಕ್ಷದ ಮೇಲೆ ಅಷ್ಟು ತಿಂಗಳ ಬಡ್ಡಿ ಸುಮಾರು 5.7 ಲಕ್ಷ. ವಿನಾಯಿತಿ ತಪ್ಪಿ, ಲಾಭ 30 ಲಕ್ಷ ಅಂತಿದ್ದರೆ ತೆರಿಗೆ ಸೆಸ್ ಸೇರಿ ಸುಮಾರು 3.9 ಲಕ್ಷ. ಹಾಳೆ ಮೇಲೆ 55 ಅಂತ ಬರೆದುಕೊಂಡದ್ದು ಕೊನೆಗೆ ಸುಮಾರು 35 ಲಕ್ಷಕ್ಕೆ ಬಂದು ನಿಂತಿತು. ಉಳಿದ 20 ಲಕ್ಷದ ಸಾಲ ಯಾರ ಸಂಬಳದಿಂದ ಹೋಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹೊಸ ಮನೆ ತಡವಾದರೆ?

ಇಲ್ಲೀತನಕ ಹಳೇ ಮನೆ ತಡವಾಗೋ ಮಾತಾಯ್ತು. ಹೊಸದೂ ತಡವಾಗಬಹುದು. ಕಟ್ಟುತ್ತಿರೋ ಪ್ರಾಜೆಕ್ಟ್ ಆದರೆ ಬ್ಯಾಂಕ್ ಹಂತಹಂತವಾಗಿ ದುಡ್ಡು ಬಿಡುಗಡೆ ಮಾಡುತ್ತೆ, ಅಲ್ಲೀತನಕ ಬಿಟ್ಟ ದುಡ್ಡಿಗೆ ಪ್ರಿ-ಇಎಂಐ ಅಂತ ಬಡ್ಡಿ ಮಾತ್ರ ಕಟ್ಟಬೇಕು. 60 ಲಕ್ಷವೂ ಹೋಗಿದ್ದರೆ ಅದು ತಿಂಗಳಿಗೆ 42,500, ಅಸಲು ಒಂದು ರೂಪಾಯಿನೂ ಕಮ್ಮಿ ಆಗೋದಿಲ್ಲ. ಬಿಲ್ಡರ್ ತಡ ಮಾಡಿದರೆ 2016ರ ರೇರಾ ಕಾಯ್ದೆ ಪ್ರಕಾರ ತಡವಾದ ತಿಂಗಳುಗಳಿಗೆ ಬಡ್ಡಿ ಕೇಳಬಹುದು, ಬೇಡ ಅಂದ್ರೆ ಬಡ್ಡಿ ಸಮೇತ ದುಡ್ಡು ವಾಪಸ್ ಕೇಳಬಹುದು. ಆದರೆ ಆ ಕೇಸ್ ನಡೆಯೋ ಅಷ್ಟೂ ದಿನ ಬ್ಯಾಂಕಿನ ಕಂತು ನಿಲ್ಲೋದಿಲ್ಲ.

"ಪೊಸೆಶನ್ ತನಕ ನಿಮ್ಮ ಇಎಂಐ ನಾವೇ ಕಟ್ತೀವಿ" ಅನ್ನೋ ಸ್ಕೀಮ್‌ಗಳಿಗೆ ಮರುಳಾಗೋದು ಬೇಡ. ಬಿಲ್ಡರ್ ಕಟ್ಟೋದು ನಿಲ್ಲಿಸಿದರೆ ಬ್ಯಾಂಕ್ ಬರೋದು ಸಾಲಗಾರರ ಮನೆಗೇ. ಇಂಥ ಸ್ಕೀಮ್‌ಗಳಲ್ಲಿ ಸಿಕ್ಕಿಬಿದ್ದ ಸಾವಿರಾರು ಜನರ ಅರ್ಜಿ ಕೇಳಿ, ಬಿಲ್ಡರ್ ಮತ್ತು ಬ್ಯಾಂಕುಗಳ ಒಳಸಂಬಂಧದ ಬಗ್ಗೆ 2025ರಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ವಿಚಾರಣೆಗೇ ಆದೇಶ ಮಾಡಿದೆ.

"ಆದ್ರೆ..." ಅನ್ನೋರಿಗೆ

"ಬೆಂಗಳೂರಲ್ಲಿ ರೇಟ್ ಏರ್ತಾ ಇದೆ, ಮಾರಿ ಕೊಳ್ಳೋ ಅಷ್ಟರಲ್ಲಿ ಕೈ ಮೀರಿ ಹೋಗುತ್ತೆ" ಅನ್ನೋದು ಮೊದಲ ವಾದ. ಇದರಲ್ಲಿ ಸತ್ಯ ಇದೆ. ಆದರೆ ನಾವು ಹೇಳ್ತಿರೋದು ಹತ್ತು ವರ್ಷ ಕಾಯಿರಿ ಅಂತಲ್ಲ. ಆರು ತಿಂಗಳೋ ಒಂದು ವರ್ಷವೋ. ಅಷ್ಟರಲ್ಲಿ ಏರೋ ಬೆಲೆಯನ್ನ ಮೇಲಿನ ಬಡ್ಡಿ, ತೆರಿಗೆ ಲೆಕ್ಕದ ಪಕ್ಕ ಇಟ್ಟು ನೋಡಿ, ಆಮೇಲೆ ತೀರ್ಮಾನ ಮಾಡಿ.

"ಬ್ರಿಡ್ಜ್ ಲೋನ್ ಸಿಗುತ್ತಲ್ಲ" ಅನ್ನೋದು ಎರಡನೇದು. ಹೌದು, ಹಳೇ ಮನೆ ಮಾರೋ ತನಕದ ಅಲ್ಪಾವಧಿ ಸಾಲ ಕೆಲವು ಬ್ಯಾಂಕುಗಳಲ್ಲಿದೆ. ಬಡ್ಡಿ ಸಾಮಾನ್ಯ ಗೃಹಸಾಲಕ್ಕಿಂತ ಜಾಸ್ತಿ, ಅವಧಿ ಚಿಕ್ಕದು. ಸೇತುವೆ ಕಟ್ಟೋಕೆ ಎರಡೂ ದಡ ಬೇಕು. ಕೊಳ್ಳೋರು ಸಿಕ್ಕಿ, ನೋಂದಾಯಿತ ಅಗ್ರಿಮೆಂಟ್ ಆಗಿ, ರಿಜಿಸ್ಟ್ರೇಶನ್‌ಗೆ ಮೂರು ತಿಂಗಳಿದೆ ಅನ್ನೋರಿಗೆ ಅದು ಒಳ್ಳೇ ಸೇತುವೆ. ಕೊಳ್ಳೋರೇ ಸಿಗದವರಿಗೆ ಅದು ಅರ್ಧಕ್ಕೆ ನಿಂತ ಫ್ಲೈಓವರ್.

"ಬಾಡಿಗೆ ಮನೆಗೆ ಹೋಗೋದಾ, ಈ ವಯಸ್ಸಲ್ಲಿ?" ಇದು ಮೂರನೇದು, ಮತ್ತೆ ಇದೇ ಕಷ್ಟದ್ದು. ಮೂವತ್ತು ವರ್ಷ ಸ್ವಂತ ಮನೆಯಲ್ಲಿದ್ದ ಅಮ್ಮನಿಗೆ ಓನರ್ ಕೇಳಿ ಮೊಳೆ ಹೊಡೆಯೋದು ಹಿಂಸೆಯೇ. ಎರಡು ಸಲ ಸಾಮಾನು ಸಾಗಿಸೋದು, ಎರಡು ಸಲ ಹಾಲು ಉಕ್ಕಿಸೋದು. ಅದನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಆದರೆ ಒಂದು ವರ್ಷದ ಬಾಡಿಗೆ ಎಷ್ಟು ಅನ್ನೋದು ಮೊದಲೇ ಗೊತ್ತಿರೋ ಸಂಖ್ಯೆ. ಮಾರದ ಮನೆಯ ನಷ್ಟ ಎಷ್ಟು ಅನ್ನೋದು ಯಾರಿಗೂ ಗೊತ್ತಿರಲ್ಲ. ಮಾರಾಟದ ಅಗ್ರಿಮೆಂಟ್‌ನಲ್ಲೇ ಮನೆ ಬಿಡೋಕೆ ಮೂರೋ ನಾಲ್ಕೋ ತಿಂಗಳು ಕೇಳಿಕೊಂಡರೆ, ಸಿದ್ಧವಾದ ಫ್ಲ್ಯಾಟ್ ಕೊಳ್ಳೋರಿಗೆ ಬಾಡಿಗೆ ಮನೆಯೂ ಬೇಡವಾಗಬಹುದು.

ಎರಡೂ ಮನೆಯ ಖರ್ಚನ್ನ ಹದಿನೆಂಟು ತಿಂಗಳು ನಗುನಗುತ್ತಾ ಹೊರೋ ಶಕ್ತಿ ಇದ್ದವರು ಧಾರಾಳವಾಗಿ ಮೊದಲು ಕೊಳ್ಳಲಿ. ಅವರಿಗೆ ನಮ್ಮ ತಕರಾರಿಲ್ಲ.

ಹಾಗಾದ್ರೆ ನಾವೇನು ಮಾಡೋದು?

ಅಪ್ಪ ಅಮ್ಮನಿಗೆ ಬುದ್ಧಿ ಹೇಳೋಕೆ ಹೋಗೋದು ಬೇಡ. ಆ ಮನೆ ಕಟ್ಟಿದ್ದು ಅವರು, ಅದರ ಸಾಲ ತೀರಿಸಿದ್ದು ಅವರು. ಆದರೆ ಪ್ರಶ್ನೆ ಕೇಳಬಹುದು. "ಅಪ್ಪಾ, ಒಂದೂವರೆ ವರ್ಷ ಮನೆ ಮಾರಾಟ ಆಗ್ದೇ ಇದ್ರೆ ಕಂತು ಹೆಂಗೆ ಕಟ್ಟೋಣ?" "ಅಮ್ಮಾ, ಅತ್ತೆ ಹತ್ರ ಮಾತಾಡಿದ್ರಾ?" "ಖಾತೆ ಯಾರ ಹೆಸರಲ್ಲಿದೆ?" "ಫ್ಲ್ಯಾಟ್‌ಗೆ ಓಸಿ ಬಂದಿದೆಯಾ, ರೇರಾ ನಂಬರ್ ಎಷ್ಟು?" ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಇನ್ನರ್ಧ ನಮ್ಮ ಕೈಯಲ್ಲೇ ಇದೆ. ಮ್ಯಾಟ್ರಿಕ್ಸ್, ಲ್ಯಾಪ್ಲಾಸ್ ಎಲ್ಲ ಮಾಡಿದವರಿಗೆ ಒಂದು ಎಕ್ಸೆಲ್ ಶೀಟ್ ಕಷ್ಟ ಅಲ್ಲ. ಹಳೇ ಮನೆ ಬೆಲೆ 20% ಕಮ್ಮಿ, ಮಾರಾಟ 18 ತಿಂಗಳು ತಡ, ಬಡ್ಡಿ 1% ಜಾಸ್ತಿ, ನಮ್ಮ ಜಾಯಿನಿಂಗ್ ಆರು ತಿಂಗಳು ಮುಂದಕ್ಕೆ. ಈ ನಾಲ್ಕೂ ಒಟ್ಟಿಗೆ ಬಂದರೂ ಮನೆ ನಡೆಯುತ್ತಾ ಅಂತ ನೋಡಿ. ನಡೆಯುತ್ತೆ ಅಂದ್ರೆ ಸಹಿ ಹಾಕಿ. ನಡೆಯಲ್ಲ ಅಂದ್ರೆ ಆ ಶೀಟ್ ತೋರಿಸಿ, "ಮೊದಲು ಊರಿನ ಮನೆಗೆ ಅಗ್ರಿಮೆಂಟ್ ಮಾಡಿಸೋಣ, ಆಮೇಲೆ ಫ್ಲ್ಯಾಟ್" ಅನ್ನಿ. ಬೀಮ್ ಡಿಸೈನ್ ಮಾಡುವಾಗ ಫ್ಯಾಕ್ಟರ್ ಆಫ್ ಸೇಫ್ಟಿ ಬಿಡದ ನಾವು ನಮ್ಮ ಮನೆಯ ಲೆಕ್ಕದಲ್ಲಿ ಅದನ್ನ ಬಿಟ್ಟರೆ ಓದಿದ್ದಕ್ಕೆ ಏನು ಅರ್ಥ?

ಮನೆಯಲ್ಲಿ ಒಪ್ಪೋಕೆ ಹಿಂದೆಮುಂದೆ ನೋಡಿದರೆ ನಮಗೆಲ್ಲ ಚೆನ್ನಾಗಿ ಗೊತ್ತಿರೋ ಒಂದು ಹೋಲಿಕೆ ಕೊಡಿ. ಆಫರ್ ಲೆಟರ್ ಕೈಗೆ ಬಂದು ತಿಂಗಳುಗಟ್ಟಲೆ ಜಾಯಿನಿಂಗ್ ಡೇಟ್‌ಗೆ ಕಾದ ಸೀನಿಯರ್ಸ್ ನಮ್ಮೆಲ್ಲರಿಗೂ ಗೊತ್ತು. ಆ ಲೆಟರ್ ತೋರಿಸಿದರೆ ಮೆಸ್‌ನವರೂ ಊಟ ಕೊಡಲಿಲ್ಲ. ಮೊದಲ ಸಂಬಳ ಅಕೌಂಟಿಗೆ ಬಿದ್ದ ಮೇಲೆಯೇ ಅದು ಸಂಬಳ. ಊರಿನ ಮನೆಯೂ ಅಷ್ಟೇ. ಕೊಳ್ಳೋರು ಸಹಿ ಹಾಕಿ, ಅಡ್ವಾನ್ಸ್ ಬ್ಯಾಂಕಿಗೆ ಬಂದ ದಿನದಿಂದ ಅದನ್ನ ದುಡ್ಡು ಅಂತ ಲೆಕ್ಕಕ್ಕೆ ಹಿಡಿಯೋಣ.